ಉಜ್ಜಬಾರದು

ಕೈಪಿಡಿಯ ಒಂಬತ್ತನೇ ಪುಟದಲ್ಲಿತ್ತು,
ಕೆಳಗೆ ಎರಡು ಗೆರೆ ಎಳೆದು: ಉಜ್ಜಬಾರದು.
ನನಗಾಗ ಇಪ್ಪತ್ತು. ಹನ್ನೆರಡು ದಿನದ ತರಬೇತಿ.
ತಬ್ರೀಜಿನಿಂದ ಗಡಿಬೆಟ್ಟದ ಆ ಊರಿಗೆ
ಒಂದು ನೀರಿನ ಟ್ಯಾಂಕರು, ಆರು ಡ್ರಮ್ಮು ಬ್ಲೀಚಿಂಗ್ ಪುಡಿ,
ಹದಿನಾಲ್ಕು ಜೊತೆ ರಬ್ಬರು ಗೌಸು,
ಅದರಲ್ಲಿ ಐದು ಜೊತೆ ಎರಡೂ ಎಡಗೈಯವು.

ಇಳಿಜಾರು ನೆಲ, ಕೊಳಾಯಿ, ಚರಂಡಿ
ಒಟ್ಟಿಗಿದ್ದದ್ದು ಹಮಾಮಿನಲ್ಲಿ ಮಾತ್ರ.
ಅಲ್ಲಿ ಮೈ ತಿಕ್ಕುವವನು ಬಾಪೀರ್, ಕುರ್ದ, ಅರವತ್ತು ದಾಟಿದವನು,
ಅಂಗೈ ಎರಡೂ ನೆನೆದು ನೆನೆದು ಒಣದ್ರಾಕ್ಷಿ.
ಮದುಮಗನ ಬೆನ್ನು, ಮುಲ್ಲಾನ ಹಿಮ್ಮಡಿ,
ಗಡಿ ದಾಟಿಸಿ ಚಹಾ ತರುವವರ ಹೆಗಲು:
ಊರ ಗಂಡಸರನ್ನೆಲ್ಲ ಹಿಂದಿನಿಂದಲೇ ಗುರುತಿಸುತ್ತಿದ್ದ.

ಅವನಿಗೆ ನಾನು
ಸ್ನಾನ ಮಾಡಿಸುವುದನ್ನು ಕಲಿಸಬೇಕಿತ್ತು.

ಬಿಸಿನೀರು ಬೇಡ, ಅಂದೆ. ಬಿಸಿಗೆ ಚರ್ಮ ಬಾಯಿ ತೆರೆಯುತ್ತೆ.
ಹಬೆ ಬೇಡ. ಒಲೆ ಆರಿಸು.
(ಅವನಪ್ಪ ಹಚ್ಚಿದ್ದಂತೆ ಆ ಒಲೆ.)
ಅಂಗಿಯನ್ನು ಕತ್ತರಿಸಬೇಕು, ತಲೆಯ ಮೇಲಿಂದ ಎಳೆಯಬಾರದು.
ಒತ್ತಿ ತೆಗೆಯಬೇಕು. ಉಜ್ಜಬಾರದು.
ಮೇಕೆಕೂದಲಿನ ಆ ಒರಟು ಕೈಚೀಲವನ್ನು
ಅವನು ಮೊಳೆಗೆ ತೂಗುಹಾಕಿದ.
'ಸರಿ ಮಗ, ಇವತ್ತಿನಿಂದ ನನಗೆ ಏನೂ ಬರುವುದಿಲ್ಲ.'

ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದೆವು.
ಆಚೆ ಮೈಲಿಗೆ, ಈಚೆ ಮಡಿ.
ದಾಟುವಲ್ಲಿ ತಗಡಿನ ತಟ್ಟೆ, ತುಂಬ ಬಿಳಿಪುಡಿ,
ಬೂಟು ಅದ್ದಿಯೇ ಬರಬೇಕು.
ಗಾಳಿ ಹಗ್ಗ ನೋಡಲಿಲ್ಲ.

ಅವರು ನಡೆದುಕೊಂಡೇ ಬಂದರು. ಅದೇ ಮೋಸ.
ಗಾಯವಿಲ್ಲ, ರಕ್ತವಿಲ್ಲ,
ಜಜ್ಜಿದ ಬೆಳ್ಳುಳ್ಳಿಯ ವಾಸನೆ ಮಾತ್ರ.
ಏನೂ ಆಗಿಲ್ಲ ಅಂದ ಒಬ್ಬ, ಸಿಗರೇಟು ಕೇಳಿದ.
ಸಾಸಿವೆ ಅನಿಲಕ್ಕೆ ಅವಸರವಿಲ್ಲ.
ಆರು ಗಂಟೆ, ಹನ್ನೆರಡು ಗಂಟೆ,
ಉಂಡು ಮಲಗಿದ ಮೇಲೆ ಏಳುತ್ತದೆ ಬೊಕ್ಕೆ.

ವಿಷ ಹೀರುವ ಪುಡಿ ನಲವತ್ತನೇ ಆಳಿಗೆ ಮುಗಿಯಿತು.
ವೈರ್‌ಲೆಸ್ಸಿನಲ್ಲಿ ಕೇಳಿದೆ. ನಾಳೆ, ಅಂದರು.
ಕೈ ತೊಳೆದುಕೊಳ್ಳುವುದು
ಮೇಲಿನವರಿಗೆ ನಮಗಿಂತ ಚೆನ್ನಾಗಿ ಬರುತ್ತಿತ್ತು.

ಬಾಪೀರ್ ಹೆಂಗಸರ ಕೋಣೆಯಿಂದ ಗೋಣಿಯೊಂದನ್ನು ಎಳೆದು ತಂದ.
ತಲೆ ತೊಳೆಯುವ ಜೇಡಿ, ಗುಲಾಬಿ ಎಸಳು ಬೆರೆಸಿದ್ದು.
'ಇದು ಎಣ್ಣೆ ಕುಡಿಯುತ್ತೆ,' ಅಂದ,
'ನನ್ನ ಅತ್ತೆಯ ಕೂದಲಿನದನ್ನೂ ಕುಡಿದಿದೆ.'
ಕುಟ್ಟಿ, ಒಣದಾಗಿಯೇ ಎರಚಿ, ಒತ್ತಿ, ಕೊಡವಿದೆವು.
ನುಣ್ಣನೆಯ ಯಾವ ಜೇಡಿಯೂ ಆದೀತು ಎಂದು
ಹನ್ನೊಂದನೇ ಪುಟದಲ್ಲಿ ಬರೆದೇ ಇತ್ತು.
ನಾನು ಅಲ್ಲಿಯವರೆಗೆ ಓದಿರಲಿಲ್ಲ.

ನಸುಕಿಗೆ ಗಡ್ಡದವರು, ಮೀಸೆ ಮೂಡದವರು, ಎಲ್ಲರ ಮೈಯಲ್ಲೂ
ಗುಲಾಬಿ, ಬೆಳ್ಳುಳ್ಳಿ, ಕ್ಲೋರಿನ್.

'ತೊಳೆದ ನೀರನ್ನು ಯಾರು ತೊಳೆಯುತ್ತಾರೆ?'
ಹೊಂಡ ತೋಡಿದ್ದೇವೆ, ಸುಣ್ಣ ಸುರಿದಿದ್ದೇವೆ, ಅಂದೆ.
ಅವನು ಚರಂಡಿ ಇಳಿಯುವ ದಿಕ್ಕು ನೋಡಿದ.
ಕೆಳಗೆ ಹಳ್ಳ, ಹಳ್ಳದ ದಡಕ್ಕೆ ಅವನ ತಮ್ಮನ ದಾಳಿಂಬೆ ಗಿಡಗಳು.
ಮತ್ತೆ ಕೇಳಲಿಲ್ಲ.

ಕೊನೆಯ ಹುಡುಗ ನಡುಗುತ್ತಿದ್ದ,
ತಣ್ಣೀರಿಗೋ, ಕಣ್ಣು ಕಾಣದ್ದಕ್ಕೋ.
ಬಾಪೀರ್ ಗೌಸು ಕಳಚಿದ.
ರಬ್ಬರಿನಲ್ಲಿ ಮನುಷ್ಯ ಗೊತ್ತಾಗುವುದಿಲ್ಲ, ಅಂದ.
ನಾನು ಕೂಗಿದೆ. ಮಾಸ್ಕಿನೊಳಗಿನ ಕೂಗು
ನನ್ನ ಕಿವಿಗೇ ಬಂದು ಬಿತ್ತು.
ಬರಿಗೈಯನ್ನು ಆ ಬೆನ್ನ ಮೇಲೆ ಇಟ್ಟ.
ಉಜ್ಜಲಿಲ್ಲ. ಇಟ್ಟ, ಅಷ್ಟೆ.
ಮಧ್ಯಾಹ್ನಕ್ಕೆ ಅವನ ಅಂಗೈಯಲ್ಲಿ ಜೇನಿನ ಬಣ್ಣದ ಬೊಕ್ಕೆಗಳು,
ಒಂದೊಂದೂ ದ್ರಾಕ್ಷಿಯಷ್ಟು.

ಈಗ ಎರಡು ಮೆಟ್ಟಿಲಿಗೆ ಒಂದು ಸಲ ನಿಲ್ಲುತ್ತೇನೆ.
ಸ್ನಾನದ ಮೇಲೆ ಮೈ ಒರೆಸಿಕೊಳ್ಳುವುದಿಲ್ಲ,
ಟವೆಲ್ಲು ಒತ್ತಿ ಒತ್ತಿ ತೆಗೆಯುತ್ತೇನೆ.
ಆಯ್ಲಾರ್, ನನ್ನ ಮೊಮ್ಮಗಳು, ಅದನ್ನು ಅಣಕಿಸುತ್ತಾಳೆ.
ತಬ್ರೀಜಿನ ಬಜಾರಿನಲ್ಲಿ ಆ ಜೇಡಿ ಇನ್ನೂ ಸಿಗುತ್ತದೆ,
ಪ್ಲಾಸ್ಟಿಕ್ ಪೊಟ್ಟಣದಲ್ಲಿ. ಕಂಡಾಗಲೆಲ್ಲ ಕೊಳ್ಳುತ್ತೇನೆ.
ಅಟ್ಟದ ಮೇಲೆ ಹನ್ನೊಂದು ಕಿಲೋ ಇದೆ.
ಯಾರ ಕೂದಲಿಗೆ, ಎಂದು ಕೇಳುತ್ತಾಳೆ ಹೆಂಡತಿ
ನನ್ನ ಬೋಳುತಲೆ ನೋಡಿ.